ಎರಡನೆಯ ಸೀನು

ಚಿಂದಿಬಟ್ಟೆಯ ಪೆಟ್ಟಿಗೆಯಿಂದ ಮೊದಲು ಬಂದದ್ದು
ಮಿಯಾಂವ್ ಅಲ್ಲ. ಅಕ್ಷಿ.
ಸುಂಟಿಕೊಪ್ಪದ ಸಂತೆಯ ದಿನ ಯಾರೋ ಬಿಟ್ಟುಹೋಗಿದ್ದರು
ಒಂದು ಹಿಡಿ ಬಿಳಿ, ಒಂದು ಕಿವಿ ಮಸಿ.
ಬಟ್ಟೆಯ ಧೂಳಿರಬೇಕು, ಅಂದುಕೊಂಡೆ.
ಮೂವತ್ತು ವರ್ಷದಿಂದ ನಾನೂ ಸೀನುತ್ತಿದ್ದೇನಲ್ಲ, ಇದೇ ಧೂಳಿಗೆ.

ಮೂರನೆಯ ಬೆಳಿಗ್ಗೆ ಮೂಗಿನ ಸುತ್ತ ಹಳದಿ ಗೋಂದು.
ಹೊಲಿದಿಟ್ಟು ಕೊಯ್ಯಲು ಮರೆತ ಕಾಜದ ಹಾಗೆ
ಮುಚ್ಚಿಕೊಂಡಿತ್ತು ಎಡಗಣ್ಣು.
ಅಕ್ಷಿ ಅಂದರೆ ಕಣ್ಣು ಅಂತಲೂ ಅರ್ಥ,
ಏಳನೇ ಕ್ಲಾಸಿನ ಮೇಷ್ಟ್ರು ಹೇಳಿದ್ದು
ಆಗ ನೆನಪಾಯಿತು, ಉಪಯೋಗವಿಲ್ಲದೆ.

ಕುಪ್ಯದ ಅಳತೆ ನೋಡಲು ಬಂದಿದ್ದ ಒಬ್ಬ ಹುಡುಗ.
ಮದುವೆ ಅಣ್ಣನದು, ಅವನದು ಬಿಳಿ; ಇವನದು ಕಪ್ಪು,
ಕಪ್ಪಿನ ಮೇಲೆಲ್ಲ ಆಗಲೇ ಬೆಕ್ಕಿನ ರೋಮ.
ಒಂದು ತೋಳು ಹಾಕಿದ್ದ, ಅಷ್ಟರಲ್ಲಿ
ಅಕ್ಷಿ.
"ಒಂಟಿ ಸೀನು, ಕೂತ್ಕೊ" ಅಂದರು ಅವನ ಅಜ್ಜಿ ಚಿಣ್ಣವ್ವ.
ಕೂತ. ಇನ್ನೊಂದು ತೋಳು ನೆಲಕ್ಕೆ ಜೋತಿತ್ತು.
ಮೂವರೂ ಪೆಟ್ಟಿಗೆಯನ್ನೇ ನೋಡುತ್ತ ಕಾದೆವು.
ಅಕ್ಷಿ.
"ಹ್ಞಾಂ. ಈಗ ಹಾಕು."
ಇವೆಲ್ಲ ನಂಬುತ್ತೀರಾ ಅಂತ ನಕ್ಕೆ ನಾನು.

ಮಕ್ಕಳು ಸೀನಿದರೆ ನಮ್ಮಮ್ಮ "ನೂರು" ಅನ್ನುತ್ತಿದ್ದಳು,
ಮತ್ತೆ ಸೀನಿದರೆ "ಇನ್ನೂರು".
ನಾನೂ ಅಂದೆ, ತಮಾಷೆಗೆ, ಮೆಷಿನ್ ತುಳಿಯುತ್ತ.
ಊಟದ ಹೊತ್ತಿಗೆ ಮೂರು ಸಾವಿರದ ಏಳುನೂರು ವರ್ಷ ಆಯಸ್ಸು
ನಾನೂರ ಅರವತ್ತು ಗ್ರಾಂ ಜೀವಕ್ಕೆ.
(ದಿನಸಿ ಅಂಗಡಿಯಲ್ಲಿ ತೂಗಿದ್ದು, ಬೆಲ್ಲ ಇಳಿಸಿ.
ಹಿಂದಿನ ವಾರ ಐನೂರ ಹತ್ತು ಇತ್ತು.)

ಡಾಕ್ಟರ್ ಚೋಂದಮ್ಮ ಟಾರ್ಚು ಬಿಟ್ಟು ನೋಡಿದರು.
"ಧೂಳಲ್ಲ, ವೈರಸ್ಸು. ತಾಯಿ ನೆಕ್ಕಿದಾಗಲೇ ಅಂಟಿರ್ತದೆ.
ಕೀವಿಗೆ ಔಷಧಿ ಕೊಡ್ತೇನೆ, ಇದಕ್ಕೆ ಇಲ್ಲ.
ಮೂಗು ಕಟ್ಟಿದೆ, ಅದಕ್ಕೇ ತಿನ್ನುವುದಿಲ್ಲ.
ವಾಸನೆ ಬಾರದ್ದು ಬೆಕ್ಕಿಗೆ ಊಟವೇ ಅಲ್ಲ.
ಹೆಸರು?"
ಬಾಬಿನ್, ಅಂದುಬಿಟ್ಟೆ. ಬಾಯಿಗೆ ಬಂದದ್ದು ಅದೇ.

ಹೊರಗೆ, ಹೂಮಳೆ ಬಿದ್ದು ಒಂಬತ್ತನೆಯ ದಿನ.
ಕಾಫಿ ಹೂವಿನ ವಾಸನೆಗೆ ಊರಿಗೆ ಊರೇ ಅಮಲೇರಿ,
ಮಡಿಕೇರಿ ಬಸ್ಸಿನ ಕಿಟಕಿಗಳೆಲ್ಲ ತೆರೆದಿದ್ದವು.
ನನ್ನ ಅಂಗಿಯೊಳಗಿದ್ದವನಿಗೆ
ಯಾರೂ ಹೇಳಿರಲಿಲ್ಲ.

ರಾತ್ರಿ ಬಚ್ಚಲಲ್ಲಿ ನೀರು ಕುದಿಸಿ, ಬಾಗಿಲು ಹಾಕಿ,
ಮಗುಚಿದ ಬಕೆಟ್ಟಿನ ಮೇಲೆ ಅವನನ್ನು ಮಡಿಲಲ್ಲಿಟ್ಟು ಕೂತೆ.
ಹಬೆಯಲ್ಲಿ ಮೊದಲು ಮೂಗು ಬಿಟ್ಟದ್ದು ನನಗೆ;
ಮೂವತ್ತು ವರ್ಷದ ಪಾಲಿಯೆಸ್ಟರ್, ಕಾಟನ್, ವೆಲ್ವೆಟ್.
ದಾರ ಬಿಡದ ಲೈನಿಂಗ್ ಬಟ್ಟೆ ಉಪ್ಪುನೀರಲ್ಲಿ ಅದ್ದಿ
ಕಣ್ಣು ಒರೆಸಿದೆ, ಒಳಮೂಲೆಯಿಂದ ಹೊರಕ್ಕೆ.
ಸಿರಿಂಜಿನಲ್ಲಿ ಔಷಧಿ ಹಿಡಿದರೆ
ಸೂಜಿಗೆ ಜಡ್ಡಾದ ಹೆಬ್ಬೆರಳಿಗೆ ಐದು ಹೊಸ ಸೂಜಿ.

ಒಂದು ರಾತ್ರಿ ಅಲ್ಲ. ಆರು.
ನಡುವೆ ಒಂದು ರಾತ್ರಿ ಉಸಿರು
ದಾರ ಸಿಕ್ಕಿಕೊಂಡ ಮೆಷಿನ್ನಿನ ಹಾಗೆ ಗರಗರ ಅಂದಾಗ
ಅದನ್ನು ಬರೆಯುವುದಿಲ್ಲ.

ಹಂಸಾಕ ಕೊಟ್ಟದ್ದು ನಾಲ್ಕು ಮತ್ತಿಮೀನು, ದುಡ್ಡು ಬೇಡ ಅಂದು.
ಬೇಯಿಸಿ, ಮುಳ್ಳು ತೆಗೆದು, ಬಿಸಿ ಆರುವ ಮುಂಚೆ
ಬೆರಳಿಗೆ ಹಚ್ಚಿ ಹಿಡಿದೆ.
ಏನೂ ಇಲ್ಲ.
ಆಮೇಲೆ ಮೂಗಿನ ತುದಿ, ಒಂದು ಹೊಲಿಗೆಯಷ್ಟು,
ಅಲುಗಿತು.
ಬೆರಳು ಯಾವುದು ಮೀನು ಯಾವುದು ಅಂತ ನೋಡದೆ ಕಚ್ಚಿದ.

ಈಗ ಆರುನೂರು ಗ್ರಾಂ. ಚಿಣ್ಣವ್ವ "ಪೂಚೆ" ಅನ್ನುತ್ತಾರೆ,
ಹಂಸಾಕ "ಪೂಚ", ಬೇಕರಿಯ ಭವಾನಿ "ಪುಚ್ಚೆ";
ಯಾವುದಕ್ಕೂ ತಿರುಗುವುದಿಲ್ಲ, ಮೀನಿಗೆ ತಿರುಗುತ್ತಾನೆ.
ವಾಸಿಯಾಯಿತಾ ಅಂದರೆ ಡಾಕ್ಟರು ತಲೆಯಾಡಿಸಲಿಲ್ಲ.
"ಒಳಗೇ ಮಲಗಿರ್ತದೆ. ಹೆದರಿದರೆ, ಚಳಿಯಾದರೆ, ಮನೆ ಬದಲಾದರೆ
ಎದ್ದು ಬರ್ತದೆ. ಅದರ ಜೊತೆಗೇ ಇರ್ಬೇಕು."

ಇವತ್ತು ಸಂಜೆ ಶಟರ್ ಅರ್ಧ ಎಳೆದಿದ್ದೆ.
ಜೇಬಿನೊಳಗಿಂದ
ಅಕ್ಷಿ.

ಬೀಗ ಕೈಯಲ್ಲಿ. ಬಸ್ಸು ಹಾರ್ನ್ ಹಾಕುತ್ತಿದೆ.
ನೂರು, ಅಂದೆ.
ನಿಂತಿದ್ದೇನೆ.