ಹತ್ತನೆಯ ಆಲೂಗಡ್ಡೆ

ನನ್ನ ಕೈಬರಹ ದುಂಡಗಿತ್ತು, ಅಷ್ಟೇ ಕಾರಣ.
ಕ್ರಿಕೆಟ್ಟು ಗೊತ್ತಿರಲಿಲ್ಲ. ಹನ್ನೊಂದು ವರ್ಷ.
ಹಾಸನದ ಆಲೂಗಡ್ಡೆ ಮಂಡಿಯ ಎದುರು
ಅಪ್ಪನ ರೇಡಿಯೋ ರಿಪೇರಿ ಅಂಗಡಿ,
ಬಾಗಿಲಿಗೆ ಒರಗಿಸಿದ ಕರಿಹಲಗೆ,
ನೀರಲ್ಲಿ ಅದ್ದಿದ ಸೀಮೆಸುಣ್ಣ.
ಅದ್ದಿ ಬರೆದರೆ ಅಕ್ಷರ ಒಣಗಿದ ಮೇಲೆ ಬೆಳಗುತ್ತದೆ,
ಇದು ಅಪ್ಪನ ಗುಟ್ಟು.

ಮಧ್ಯಾಹ್ನದಿಂದ ಹಮಾಲರು, ಗುಮಾಸ್ತರು,
ಬಸ್ಸು ಬೇಕಂತಲೇ ತಪ್ಪಿಸಿಕೊಂಡ ಇಬ್ಬರು ಮೇಷ್ಟ್ರು.
ರೇಡಿಯೋ ನಮ್ಮದಲ್ಲ, ಅರಕಲಗೂಡಿನ
ಹೊಗೆಸೊಪ್ಪಿನ ಸಾಹುಕಾರರದು.
ರಿಪೇರಿಯಾಗಿ ಆಗಲೇ ವಾರ.
‘ಇನ್ನೂ ಆಗಿಲ್ಲ ಸ್ವಾಮಿ’ ಅಂದಿದ್ದ ಅಪ್ಪ,
ಅವನು ಹೇಳಿದ ಒಂದೇ ಸುಳ್ಳು,
ನನಗೆ ಗೊತ್ತಿರುವ ಮಟ್ಟಿಗೆ.

೧೮೩ ಎಂದು ಬರೆದೆ. ಎಲ್ಲರೂ ಔಟು.
ಬೀಡಿ ಹೊಸಕಿದರು. ‘ಏಳ್ರಪ್ಪ, ಮುಗೀತು ಕಥೆ.’
ಉಳಿದದ್ದು ಅಪ್ಪ, ನಾನು,
ಮಂಡಿ ಕಾಯುವ ದೊಡ್ಡೀರ,
ಮತ್ತೆ ಜಲಂಧರದಿಂದ ಬಿತ್ತನೆಗಡ್ಡೆ ತಂದು
ಆಕ್ಸಲ್ ಮುರಿದು ಮೂರು ದಿನದಿಂದ
ನಮ್ಮೂರಲ್ಲೇ ಕೂತಿದ್ದ
ಲಾರಿ ಡ್ರೈವರ್ ಗುರ್ಮೇಜ್ ಸಿಂಗ್.

ಅವನಿಗೆ ಬರುತ್ತಿದ್ದ ಕನ್ನಡ ನಾಲ್ಕು ಮಾತು:
ಊಟ, ನೀರು, ಎಷ್ಟು, ಬೇಡ.
ನಮ್ಮ ಹಿಂದಿ ಅದಕ್ಕಿಂತ ಬಡವಿ.
ಚೀಲದಿಂದ ಹತ್ತು ಗಡ್ಡೆ ಆರಿಸಿ ತಂದ,
ವಾಲ್ವು, ಕಾಯಿಲು, ತಂತಿಗಳ ನಡುವೆ
ಬೆಸುಗೆಯ ಮೇಜಿನ ಮೇಲೆ ಸಾಲಾಗಿ ಇಟ್ಟ.
ರೇಡಿಯೋ ಕಿರುಚಿದಾಗಲೆಲ್ಲ
ಒಂದು ಗಡ್ಡೆ ಎತ್ತಿ ಜೇಬಿಗೆ.

ಒಂದು.
ಬಹಳ ಹೊತ್ತು ಬರೀ ಗರಗರ. ಅಪ್ಪ ಮುಳ್ಳು ತಿರುಗಿಸಿದ,
ಕೂದಲೆಳೆಯಷ್ಟು.
ಎರಡು. ಮೂರು.
ದೊಡ್ಡೀರ ಲಾಟೀನು ಹೊರಗಿಟ್ಟು ಒಳಗೆ ಬಂದ.
ನಾಲ್ಕು, ಐದು. ಜೇಬು ತುಂಬಿತು.
‘ಬೇಡ’ ಅಂತ ತನ್ನ ಜೇಬಿಗೇ ಹೇಳಿ, ನಕ್ಕು,
ಆರನೆಯದನ್ನು ನನ್ನ ಲಂಗದ ಮಡಿಲಿಗೆ ಹಾಕಿದ.
ಆರರ ಮೇಲೆ ಏಳು ಬರಲೊಲ್ಲದು.
ಮೇಜಿನ ಮೇಲೆ ನಾಲ್ಕು ಗಡ್ಡೆ,
ನಾಲ್ಕು ಜನ ನಾವು,
ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಏಳು ಎಂಟು ಒಂಬತ್ತು.

ಹತ್ತನೆಯದನ್ನು ಅವನು ಎತ್ತಲಿಲ್ಲ.
ನನ್ನ ಕಡೆ ಉರುಳಿಸಿದ.
‘ಎತ್ತು’ ಎಂಬುದು ಅವನ ನಾಲ್ಕರಲ್ಲಿ ಇರಲಿಲ್ಲ,
ಹುಬ್ಬಿನಲ್ಲಿ ಹೇಳಿದ.

ನಡುರಾತ್ರಿ ಬರೆದೆ: ೧೪೦. ಗೆದ್ದೆವು.
ಓದಲು ಬೀದಿಯಲ್ಲಿ ಒಂದು ನಾಯಿಯೂ ಇಲ್ಲ.
ಗೆದ್ದದ್ದು ಏನನ್ನು ಎಂದು ತಿಳಿಯದ ದೊಡ್ಡೀರ
ಮೂರು ಸಲ ಸೀಟಿ ಊದಿದ.

ಬೆಳಗಿನ ತೇವಕ್ಕೆ ಪುಟ್ಟನಂಜಮ್ಮನ ಹಸು
ಹಲಗೆಗೆ ಮೈ ಉಜ್ಜಿಕೊಂಡು ಹೋಗಿತ್ತು.
ಪಕ್ಕೆಯ ಮೇಲೆ ನನ್ನ ಸ್ಕೋರು, ತಿರುಗುಮುರುಗು.
ಒಂದು, ನಾಲ್ಕು ಎರಡೂ ಬೆನ್ನು ತಿರುಗಿಸಿದ್ದವು,
ಸೊನ್ನೆಗೆ ಮಾತ್ರ ಎಡಬಲವಿಲ್ಲ.
ಕಟ್ಟಿನಕೆರೆ ಮಾರುಕಟ್ಟೆಯ ತುಂಬ ಹಸು
ವಿಶ್ವಕಪ್ಪು ಹೊತ್ತು ಸೊಪ್ಪು ಮೇಯಿತು.
ನಾನೇ ಮೊದಲು ಬರೆದವಳು ಎಂದರೆ
ಹಮಾಲರು ಇವತ್ತಿಗೂ ನಂಬಿಲ್ಲ.

ಮರುವರ್ಷ ಏಪ್ರಿಲ್ಲಿನಲ್ಲಿ ಸಿಂಗ್ ಬಂದ,
ಐದನೆಯ ಕನ್ನಡ ಮಾತು ಕಲಿತು: ‘ಮಗಳು’.
ಆ ವಾರ ನಮ್ಮ ದೇಶದವನೊಬ್ಬ
ಆಕಾಶದಿಂದ ಮಾತಾಡಿದ್ದ. ಅದನ್ನೂ ಬರೆದೆ.
ಸಿಂಗ್ ಓದಲು ಬಾರದಿದ್ದರೂ ನಿಂತು ನೋಡಿದ.

ಅಕ್ಟೋಬರಿನ ಕೊನೆಯ ದಿನ
ರೇಡಿಯೋದಲ್ಲಿ ಇಡೀ ಸಂಜೆ ಶೋಕದ ವಾದ್ಯ.
ಅಪ್ಪ ಹಲಗೆ ಒರೆಸಿದ. ‘ಬರಿ’ ಅನ್ನಲಿಲ್ಲ.
ಆಮೇಲಿನ ಮೂರು ದಿನದ್ದನ್ನು
ರೇಡಿಯೋ ಕೂಡ ಸರಿಯಾಗಿ ಹೇಳಲಿಲ್ಲ.

ಮುಂದಿನ ಬಿತ್ತನೆಗೆ ಬಂದ ಲಾರಿಯಲ್ಲಿ ಬೇರೆ ಡ್ರೈವರು.
ಅಪ್ಪ ಕೇಳಿದ.
ದಿಲ್ಲಿ, ಅಂದ ಅವನು. ಲೋಡು, ಅಂದ. ನವೆಂಬರ್, ಅಂದ.
ಅಷ್ಟು ಹಿಂದಿ ನಮಗೂ ಬಂತು.

ಈಗ ಟೀವಿಯಲ್ಲಿ ಪ್ರತಿ ಜೂನಿಗೂ ತೋರಿಸುತ್ತಾರೆ.
ಸಾಲಗಾಮೆ ರಸ್ತೆಯ ಬಿಳಿ ಬೋಗುಣಿಗಳು
ಆಕಾಶದ ಕಡೆ ಬಾಯಿ ತೆರೆದಿವೆ,
ಚಿತ್ರ ನಡುಗುವುದಿಲ್ಲ, ಮುಳ್ಳು ತಿರುಗಿಸಬೇಕಿಲ್ಲ.
ತಮ್ಮನ ಮಗ ಕೇಳುತ್ತಾನೆ,
‘ಅತ್ತೆ, ನೀನು ಆಗಲೇ ನೋಡಿದ್ದಾ ಇದನ್ನ?’

ನೋಡಿದ್ದೆ ಕಣೋ.
ಮೇಜಿನ ಮೇಲಿತ್ತು, ಒಂದೊಂದಾಗಿ ಹೋಯಿತು.
ಕೊನೆಯದು ನನ್ನ ಕೈಯಲ್ಲಿತ್ತು,
ತಣ್ಣಗೆ, ಮಣ್ಣು ಮೆತ್ತಿ,
ಆಗಲೇ ಕಣ್ಣು ಒಡೆದಿತ್ತು.