ಕೆಳಗಿನದು

ವೆಸ್ಟ್ ವರ್ಜೀನಿಯಾ. ಕೋರ್ಟಿನ ನೆಲಮಾಳಿಗೆ.
ಮೂವತ್ತೆಂಟನೆಯ ಸಂಪುಟ ಎತ್ತಿದರೆ ತೋಳು ಸೋಲುತ್ತದೆ,
ಚರ್ಮದ ರಟ್ಟು ಅಂಗೈಗೆ ಕೆಂಪು ಹುಡಿ ಮೆತ್ತುತ್ತದೆ.
ಗ್ಯಾಸ್ ಕಂಪನಿಗೆ ಹಕ್ಕುಗಳ ಜಾಡು ಹುಡುಕಿಕೊಡುವುದು
ನನ್ನ ಕೆಲಸ, ಗಂಟೆಗಿಷ್ಟು.

ಸಿಕ್ಕಿತು: ಸಾವಿರದ ಒಂಬೈನೂರ ಏಳು.
ಏಸಾ ಕಾಟ್ರಿಲ್. ರುಜು ಬಾರದೆ ಒಂದು ಗುಣಾಕಾರದ ಗುರುತು.
ಒಂದು ಹೇಸರಗತ್ತೆ, ನಲವತ್ತು ಡಾಲರು;
ಅದಕ್ಕೆ ಪ್ರತಿಯಾಗಿ
ತೊಂಬತ್ತು ಎಕರೆಯ ಅಡಿಯ ಕಲ್ಲಿದ್ದಲು, ಎಣ್ಣೆ, ಅನಿಲ,
"ಮತ್ತು ಕೆಳಗಿರುವುದೆಲ್ಲ, ಎಂದೆಂದಿಗೂ."

ಉಳುವವನೇ ಹೊಲದೊಡೆಯ
ಎಂಬ ಗೋಡೆಬರಹ ಓದಿ ಅಕ್ಷರ ಕಲಿತವಳು ನಾನು.
ಇಲ್ಲಿ ಹೊಲಕ್ಕೆ ಎರಡು ಮಹಡಿ.
ಉಳುವವಳು ಮೇಲೆ.

ಆ ಮೇಲಿನವಳು, ವರ್ಡೀ, ಏಸಾನ ಮೊಮ್ಮಗಳು,
ಮೇಜಿನಾಚೆ ಕೂತಿದ್ದಾಳೆ,
ಮೆಕ್ಕೆಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಾಳೆ.
ಅನಿಲ ಕಾಡುಜಿಂಕೆಯ ಹಾಗೆ, ಎಂದೆ,
ಬೇಲಿ ದಾಟಿದರೆ ಹಿಡಿದವನದು,
ಹಳೆಯ ಜಡ್ಜುಗಳು ಹಾಗೇ ಬರೆದಿಟ್ಟಿದ್ದಾರೆ.
"ಜಿಂಕೆಯನ್ನಾದರೆ ಕಣ್ಣಲ್ಲಿ ನೋಡಬಹುದು," ಅಂದಳು.

ತುಸು ಹೊತ್ತು ಬಿಟ್ಟು:
"ಹಿತ್ತಲ ದಿಣ್ಣೆಯಲ್ಲಿ ನನ್ನ ಡಾರ್ಲ್ ಇದ್ದಾನೆ.
ಆರಡಿ.
ಅದು ಮೇಲಿನದೋ, ಕೆಳಗಿನದೋ?"

ಪತ್ರವನ್ನು ಮೊದಲಿನಿಂದ ಮತ್ತೆ ಓದಿದೆ.
ಓಕ್ ಮರದಿಂದ ಬಂಡೆಗೆ, ಬಂಡೆಯಿಂದ ಹಳ್ಳದ ತಿರುವಿಗೆ
ಅಗಲವನ್ನೆಲ್ಲ ಕೋಲು ಹಾಕಿ ಅಳೆದಿದ್ದಾರೆ.
ಕೆಳಗೆ ಎನ್ನುವುದು ಎಲ್ಲಿಂದ ಶುರು, ಬರೆದಿಲ್ಲ.

ಆ ಅರ್ಧ ಗಂಟೆಯನ್ನು
ಕಂಪನಿಯ ಲೆಕ್ಕಕ್ಕೆ ಹಾಕಲಿಲ್ಲ.
ಹೊರಗೆ, ಕೋರ್ಟಿನ ಮೆಟ್ಟಿಲ ಮೇಲೆ,
ಇಬ್ಬರೂ ರೊಟ್ಟಿ ತಿಂದೆವು. ಉಪ್ಪು ತುಸು ಮುಂದಾಗಿತ್ತು.