ಬಳಚು ಬಾಯಿ ಬಿಡುವ ಹೊತ್ತು

ಕುಮಟೆಯ ಬಸ್‌ಸ್ಟ್ಯಾಂಡಿನ ಹೊರಗೆ
ಡಿಸೆಂಬರಿನಲ್ಲಿ ಸಾಲಾಗಿ ಸ್ವೆಟರ್ ಅಂಗಡಿ.
ಸೆಕೆಯ ಊರಲ್ಲಿ ಉಣ್ಣೆ ಮಾರಲು
ಮುಂಡಗೋಡಿನ ಕ್ಯಾಂಪಿನಿಂದ ಬರುತ್ತಾಳೆ ಯಾಂಗ್‌ಚೆನ್.
ಅವಳ ಪಕ್ಕ ನಾನು, ಗೋಣಿತಾಟಿನ ಮೇಲೆ ಬಳಚಿನ ಗುಪ್ಪೆ.
ಗಿರಾಕಿಯಿಲ್ಲದ ಮಧ್ಯಾಹ್ನ ಇಬ್ಬರದೂ ಒಂದೇ ವ್ಯಾಪಾರ:
ನೊಣ ಓಡಿಸುವುದು.

ಆ ದಿನ ಒಬ್ಬಳು ಚೌಕಾಸಿ ಮಾಡಿದ್ದಕ್ಕೆ
ಗುಪ್ಪೆಯನ್ನೇ ಒದ್ದು ಕೆಡವಿದೆ.
ಚಿಪ್ಪುಗಳು ಬಸ್ಸಿನ ಗಾಲಿಯಡಿ ಉರುಳಿದವು.
ಪಾಪ, ಐದು ರೂಪಾಯಿ ಬಿಡು ಅಂದಿದ್ದಳು ಅಷ್ಟೇ.

ಯಾಂಗ್‌ಚೆನ್ ಕುಕ್ಕರಗಾಲಲ್ಲಿ ಕೂತು ಬಳಚು ಆರಿಸುತ್ತ
"ಎಲ್ಲಿದೆ ಸಿಟ್ಟು? ತೋರಿಸು" ಅಂದಳು.
"ಮನೇಲಿದೆ. ಹಾಸಿಗೆ ಹಿಡಿದಿದೆ."
"ಅದು ನಿನ್ನ ಅತ್ತೆ. ಸಿಟ್ಟು ಎಲ್ಲಿ?"
ಮಾತು ಹೊಳೆಯಲಿಲ್ಲ. ಕೈ ತಾನೇ
ಗಂಟಲ ಕೆಳಗೆ, ಎದೆಗೂಡು ಶುರುವಾಗುವಲ್ಲಿ ಹೋಗಿ ನಿಂತಿತು.
"ಬಿಸಿಯಾ, ತಂಪಾ?"
ಬಿಸಿ.
"ಸೈಜು ಎಷ್ಟು?"
ನಕ್ಕೆ. ಅವಳು ನಗಲಿಲ್ಲ.
ಕೊರಳಿನ ಟೇಪು ತೆಗೆದಳು, ನಿಜವಾಗಿ,
ಬಿಟ್ಟರೆ ಅಳೆದೇಬಿಡುವವಳ ಹಾಗೆ.

ಹೇಳಿದೆ ಅವಳಿಗೆ. ಹದಿನಾಲ್ಕು ವರ್ಷದ ಹಿಂದೆ
ಹೊಳೆಯಾಚೆ ತದಡಿಯಲ್ಲಿ ಅವ್ವಿ ಹೋದಳೆಂದು ಸುದ್ದಿ ಬಂದಾಗ
ಅತ್ತೆ ಅಂದದ್ದು ಒಂದೇ ಮಾತು:
"ಬುಟ್ಟಿ ಖಾಲಿ ಮಾಡಿ ಹೋಗು."
ಮೂರು ಬುಟ್ಟಿ. ಒಂದೊಂದೇ ಚಿಪ್ಪು ಸೀಳಿ ಮಾಂಸ ತೆಗೆದೆ.
ತಾರಿ ಸಿಗುವಾಗ ಬಿಸಿಲು ಇಳಿದಿತ್ತು.
ನಡುಹೊಳೆಯ ದೋಣಿಯಿಂದಲೇ ಕಂಡೆ
ಆಚೆ ದಡದ ಗಾಳಿಮರಗಳ ಮೇಲೆ ಹೊಗೆ.
ಮುಖ ಸಿಗಲಿಲ್ಲ.
ಕೈಯಲ್ಲಿನ್ನೂ ಬಳಚಿನ ವಾಸನೆ.

ಈಗ ಅದೇ ಅತ್ತೆಯ ಬೆನ್ನು ಉಜ್ಜುತ್ತೇನೆ,
ಗಂಜಿಗೆ ಉಪ್ಪು ಕಲಸಿ ತುತ್ತು ಕೊಡುತ್ತೇನೆ.
ಅವಳಿಗೇನೂ ನೆನಪಿಲ್ಲ.
ಸಾಲ ಪಡೆದವಳು ಮರೆತಳು,
ಚೀಟಿ ಮಾತ್ರ ನನ್ನ ಹತ್ತಿರ.

ಮಂತ್ರ ಕೊಡುತ್ತಾಳೆ ಅಂದುಕೊಂಡಿದ್ದೆ. ಕೊಡಲಿಲ್ಲ.
ದಿನಾ ಸ್ವಲ್ಪ ಹೊತ್ತು ಕೂರು, ಉಸಿರು ನೋಡು.
ಅದು ಬಂದರೆ ಬರಲಿ. ಕತೆ ಕೇಳಬೇಡ,
ಸೈಜು ಮಾತ್ರ ನೋಡು.
ಇಷ್ಟು ಹೇಳಿ, ಒಂದು ಉಣ್ಣೆಟೊಪ್ಪಿಯನ್ನೂ ನನಗೆ ಮಾರಿದಳು.

ನಾಲ್ಕೂವರೆಗೆ ಅಡುಗೆಮನೆಯಲ್ಲಿ ಕೂರುತ್ತೇನೆ.
ಬುದ್ಧನ ಪಟವಿಲ್ಲ, ಸೊಸೈಟಿಯ ಕ್ಯಾಲೆಂಡರಿದೆ.
ಎದುರಿಗೆ ರಾತ್ರಿ ನೀರಿಗೆ ಹಾಕಿಟ್ಟ ಬಳಚಿನ ಬೋಗುಣಿ.
ಉಸಿರು ಬಂತು. ಹೋಯಿತು.
ಸಿಟ್ಟು ಬಂತು.
ನಮ್ಮ ಮಾತಲ್ಲಿ ಎಲ್ಲವೂ ಬರುವುದೇ ತಾನೆ:
ಅಳು ಬಂತು, ನಿದ್ದೆ ಬಂತು, ಹೊಳೆಗೆ ಭರತ ಬಂತು,
ಅಂಕೋಲೆಯ ಬಸ್ಸು ಬಂತು.
ಇಷ್ಟು ವರ್ಷ ಬಾಯಿ ಹೇಳುತ್ತಿತ್ತು,
ಕಿವಿಗೆ ಬಿದ್ದಿರಲಿಲ್ಲ.

ಮೊದಮೊದಲು ಅದರ ಹಿಂದೆ ಬುಟ್ಟಿಗಳೂ ಬರುತ್ತಿದ್ದವು, ಹೊಗೆಯೂ.
ಕೂರಲಾಗದೆ ಎದ್ದು ಪಾತ್ರೆ ಕುಕ್ಕಿದ್ದೇನೆ ಎಷ್ಟೋ ದಿನ.
ಒಮ್ಮೆ ಮಾತ್ರ, ಕೆಸರಲ್ಲಿ ಕಾಲ್ಬೆರಳಿಂದ
ಬಳಚು ತಡವುವ ಹಾಗೆ ತಡವುತ್ತಿದ್ದಾಗ
ಬಿಸಿಯ ಅಡಿಯಲ್ಲಿ ಬೇರೆಯೇ ಏನೋ ಸಿಕ್ಕಿತು. ತಂಪಗೆ.
ಅವ್ವಿಯ ಒಡೆದ ಹಿಮ್ಮಡಿ.
ಅತ್ತೆ.
ಅತ್ತೆಗೆ ಕೇಳದ ಹಾಗೆ ಅತ್ತೆ.

ಬಳಚನ್ನು ಕುಲುಕಿದರೆ ಬಾಯಿ ಬಿಗಿಯುತ್ತದೆ.
ಅದರ ಪಾಡಿಗೆ ಬಿಟ್ಟರೆ ಕತ್ತಲಲ್ಲಿ
ತಾನೇ ಬಾಯಿ ಬಿಟ್ಟು ಮರಳು ಉಗುಳುತ್ತದೆ.
ಇದನ್ನು ಕಲಿಸಿದ್ದು ಯಾಂಗ್‌ಚೆನ್ ಅಲ್ಲ.
ಮದುವೆಯಾದ ವಾರ, ಇದೇ ಒಲೆಯ ಮುಂದೆ, ಅತ್ತೆ.

ಇವತ್ತು ಒಳಕೋಣೆಯಿಂದ ಅವಳ ದನಿ:
"ತಾರಿ ಹೋಯ್ತನೇ?"
ಯಾವ ತಾರಿ? ಯಾರಿಗೆ? ಯಾವ ವರ್ಷದ್ದು?
ಎದೆಯಲ್ಲಿ ಬಂದು ನಿಂತಿತು. ನೋಡಿದೆ.
ಎಕ್ಸೆಲ್.
ಇನ್ನೂ ಸ್ವಲ್ಪ ಹೊತ್ತು ನೋಡಿದೆ.
ಆಮೇಲೆ ಬೋಗುಣಿಯ ನೀರು ತೆಂಗಿನ ಬುಡಕ್ಕೆ ಬಸಿದು,
ಅಡಿಯ ಮರಳು ಬೆರಳಲ್ಲಿ ಬಳಿದು,
ಬೆನ್ನಿಗೆ ಬಿಸಿನೀರು ತೆಗೆದುಕೊಂಡು ಒಳಗೆ ಹೋದೆ.
"ಇನ್ನೂ ಇಲ್ಲ" ಅಂದೆ. "ನೀರು ಏರ್ಲಿ."